ಈಫ್ರಮ್ ಊರಿನ ಸ್ನೋ ಕಾಲೇಜು ಮತ್ತು ಅದರ ಹಳೇ ಕ್ಯಾಂಪಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಯೂಟಾ ರಾಜ್ಯದ ನಡುಭಾಗದಲ್ಲಿ ಸ್ಯಾನ್‌ಪೀಟ್ ಎಂಬ ಕಣಿವೆ ಇದೆ. ಅಲ್ಲಿನ ಈಫ್ರಮ್ ಅನ್ನೋ ಊರಿನಲ್ಲಿ 1888ರಿಂದ ಒಂದು ಕಾಲೇಜು ನಡೆಯುತ್ತಾ ಬಂದಿದೆ. ಅದೇ ಸ್ನೋ ಕಾಲೇಜು. ಅಮೆರಿಕದ ಕಮ್ಯೂನಿಟಿ ಕಾಲೇಜು ಹೇಗಿರುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಊರಿನ ಕಥೆಯನ್ನೇ. ಓದಲು ಹೋಗುವ ಯೋಚನೆ ಇರುವವರು, ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರು, ಹಳೇ ಕಟ್ಟಡಗಳೆಂದರೆ ಇಷ್ಟಪಡುವವರು ಎಲ್ಲರೂ ಕೇಳುವ ಪ್ರಶ್ನೆಗಳು ಇಲ್ಲಿವೆ.

ಸ್ನೋ ಅಂದರೆ ಹಿಮ ಅಲ್ವಾ? ಹಿಮ ಬೀಳುವ ಊರು ಅಂತ ಈ ಹೆಸರು ಬಂತಾ?

ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುವುದು ನಿಜ. ಆದರೆ ಹೆಸರು ಬಂದದ್ದು ಲೊರೆಂಜೊ ಸ್ನೋ ಮತ್ತು ಎರಾಸ್ಟಸ್ ಸ್ನೋ ಎಂಬ ಇಬ್ಬರಿಂದ. ಇಬ್ಬರೂ ಮಾರ್ಮನ್ ಚರ್ಚಿನ ಹಿರಿಯರು. ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥ ಅದು.

ಆ ಚರ್ಚಿನವರು ಕಾಲೇಜು ಶುರು ಮಾಡಿದಾಗ ಅದರ ಹೆಸರು ಸ್ಯಾನ್‌ಪೀಟ್ ಸ್ಟೇಕ್ ಅಕಾಡೆಮಿ. ಹಲವು ಸಭೆಗಳು ಸೇರಿದ ಒಂದು ವಿಭಾಗವನ್ನು ಅವರು ಸ್ಟೇಕ್ ಅನ್ನುತ್ತಾರೆ. 1900ರಲ್ಲಿ ಅದು ಸ್ನೋ ಅಕಾಡೆಮಿ ಆಯಿತು. 1917ರಲ್ಲಿ ಸ್ನೋ ನಾರ್ಮಲ್ ಕಾಲೇಜು ಆಯಿತು. ಆ ಕಾಲದಲ್ಲಿ ಮೇಷ್ಟ್ರುಗಳನ್ನು ತಯಾರು ಮಾಡುವ ಕಾಲೇಜಿಗೆ ನಾರ್ಮಲ್ ಕಾಲೇಜು ಅನ್ನುತ್ತಿದ್ದರು. ಸುತ್ತಲಿನ ಹಳ್ಳಿ ಶಾಲೆಗಳಿಗೆ ಟೀಚರ್‌ಗಳು ಬೇಕಿತ್ತು. ಹಾಗಾಗಿ ಈ ಹೆಸರಿನಲ್ಲಿ ಊರಿನ ಅಗತ್ಯವೇ ಕಾಣುತ್ತದೆ.

ಊರು ಎಷ್ಟು ದೊಡ್ಡದು?

ಚಿಕ್ಕದು. 2020ರ ಜನಗಣತಿಯಲ್ಲಿ 6 ಸಾವಿರದೊಳಗಿನ ಜನಸಂಖ್ಯೆ. ಸಾಲ್ಟ್ ಲೇಕ್ ಸಿಟಿಯಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಸಮುದ್ರ ಮಟ್ಟದಿಂದ ಸುಮಾರು 1,690 ಮೀಟರ್ ಎತ್ತರದಲ್ಲಿದೆ. ಹೈವೇ 89 ಊರಿನ ಮಧ್ಯದಲ್ಲೇ ಹಾದುಹೋಗುತ್ತದೆ, ಅದೇ ಊರಿನ ಮುಖ್ಯ ಬೀದಿ ಕೂಡ.

1854ರಲ್ಲಿ ಇಲ್ಲಿ ನೆಲೆ ನಿಂತವರಲ್ಲಿ ಡೆನ್ಮಾರ್ಕಿನಿಂದ ಬಂದವರು ಜಾಸ್ತಿ. ಇವತ್ತಿಗೂ ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಸ್ಕ್ಯಾಂಡಿನೇವಿಯನ್ ಹಬ್ಬ ಮಾಡುತ್ತಾರೆ. ಊರಿನ ಹೆಸರು ಮಾತ್ರ ಬೈಬಲಿನದು. ಕನ್ನಡ ಬೈಬಲಿನಲ್ಲಿ ಎಫ್ರಾಯೀಮ್ ಅಂತ ಓದುತ್ತೇವಲ್ಲ, ಅದೇ.

ಕಮ್ಯೂನಿಟಿ ಕಾಲೇಜು ಅಂದರೆ ಏನು? ಪಿಯುಸಿ ತರಹಾನಾ?

ಪಿಯುಸಿ ತರಹ ಅಲ್ಲ. ಪಿಯುಸಿ ಮುಗಿದ ಮೇಲೆ ಸೇರುವ ಕಾಲೇಜು ಇದು. ಅಮೆರಿಕದಲ್ಲಿ ಬ್ಯಾಚುಲರ್ ಡಿಗ್ರಿಗೆ ನಾಲ್ಕು ವರ್ಷ. ಅದರ ಮೊದಲ ಎರಡು ವರ್ಷವನ್ನು ಕಮ್ಯೂನಿಟಿ ಕಾಲೇಜಿನಲ್ಲಿ ಓದಬಹುದು. ಮುಗಿಸಿದವರಿಗೆ ಅಸೋಸಿಯೇಟ್ ಡಿಗ್ರಿ ಸಿಗುತ್ತದೆ. ಆಮೇಲೆ ಯೂನಿವರ್ಸಿಟಿಗೆ ಹೋಗಿ ಇನ್ನೆರಡು ವರ್ಷ ಓದಿದರೆ ಬ್ಯಾಚುಲರ್ ಡಿಗ್ರಿ. ನೇರವಾಗಿ ಕೆಲಸಕ್ಕೆ ಹೋಗುವವರಿಗೆ ವೆಲ್ಡಿಂಗ್, ನರ್ಸಿಂಗ್, ಆಟೊಮೊಬೈಲ್ ಥರದ ಕೋರ್ಸ್‌ಗಳೂ ಇಂಥ ಕಾಲೇಜುಗಳಲ್ಲಿ ಇರುತ್ತವೆ.

ಈ ಬಗೆಯ ಸರ್ಕಾರಿ ಕಾಲೇಜುಗಳಲ್ಲಿ ಮೊದಲನೆಯದು ಅಂತ ಸಾಮಾನ್ಯವಾಗಿ ಹೇಳುವುದು ಇಲಿನಾಯ್ ರಾಜ್ಯದ ಜೋಲಿಯೆಟ್ ಜೂನಿಯರ್ ಕಾಲೇಜನ್ನು. ಅದು 1901ರಲ್ಲಿ ಆರು ವಿದ್ಯಾರ್ಥಿಗಳಿಂದ ಶುರುವಾಯಿತು. ಮೊದಲು ಎಲ್ಲರೂ ಜೂನಿಯರ್ ಕಾಲೇಜು ಅಂತಲೇ ಅನ್ನುತ್ತಿದ್ದರು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗದ ವರದಿ ಬಂದ ಮೇಲೆ ಕಮ್ಯೂನಿಟಿ ಕಾಲೇಜು ಎಂಬ ಮಾತು ಬಳಕೆಗೆ ಬಂತು. ಆ ಹೆಸರೇ ನನಗೆ ಹೆಚ್ಚು ಹಿಡಿಸುತ್ತದೆ. ಸುತ್ತಲಿನ ಜನರಿಗಾಗಿ ಇರುವ ಕಾಲೇಜು ಅಂತ ನೇರವಾಗಿ ಹೇಳುತ್ತದೆ.

ಶುರುವಾದಾಗ ಸ್ವಂತ ಕಟ್ಟಡ ಇತ್ತಾ?

ಇರಲಿಲ್ಲ. 1888ರ ನವೆಂಬರ್‌ನಲ್ಲಿ ಮೊದಲ ಪಾಠ ನಡೆದದ್ದು ಊರಿನ ಸಹಕಾರಿ ಅಂಗಡಿಯ ಮಹಡಿಯಲ್ಲಿ. 1870ರ ದಶಕದ ಆರಂಭದ ಕಲ್ಲಿನ ಕಟ್ಟಡ ಅದು. ಕೆಳಗೆ ವ್ಯಾಪಾರ, ಮೇಲೆ ಚರ್ಚಿನ ಮಹಿಳಾ ಸಂಘದ ಸಭಾಂಗಣ. ಆ ಹೆಂಗಸರು ಬಿಟ್ಟುಕೊಟ್ಟ ಜಾಗದಲ್ಲಿ ಮಕ್ಕಳು ಕೂತು ಓದಿದರು.

ಮುಖ್ಯ ಬೀದಿಯಲ್ಲಿ ಆ ಕಟ್ಟಡ ಇನ್ನೂ ನಿಂತಿದೆ. ಈಗ ಅಲ್ಲಿ ಆ ಭಾಗದ ಜನ ಕೈಯಲ್ಲಿ ಮಾಡಿದ ವಸ್ತುಗಳನ್ನು ಮಾರುತ್ತಾರೆ. ಕ್ಯಾಂಪಸ್ ನೋಡಲು ಹೋದವರು ತುಂಬಾ ಜನ ಇದನ್ನು ನೋಡದೇ ಬಂದುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಕ್ಯಾಂಪಸ್ ಶುರುವಾಗುವುದೇ ಇಲ್ಲಿಂದ.

ಫೋಟೊಗಳಲ್ಲಿ ಕಾಣುವ ಆ ತಿಳಿ ಬಣ್ಣದ ಕಲ್ಲಿನ ಕಟ್ಟಡ ಯಾವುದು?

ಅದು ನಾಯ್ಸ್ ಬಿಲ್ಡಿಂಗ್. ಕೆಲಸ 1899ರಲ್ಲಿ ಶುರುವಾಯಿತು, ಮುಗಿಯಲು ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ಹೊಲ, ಕುರಿಮಂದೆ ನಂಬಿಕೊಂಡ ಊರು. ದುಡ್ಡು ಒಮ್ಮೆಲೇ ಬರುವ ಜಾಗ ಅಲ್ಲ. ನ್ಯೂಟನ್ ನಾಯ್ಸ್ 1892ರಿಂದ 1921ರವರೆಗೆ ಕಾಲೇಜಿನ ಮುಖ್ಯಸ್ಥರಾಗಿದ್ದರು. ಕಟ್ಟಡಕ್ಕೆ ಅವರದೇ ಹೆಸರು.

ಅದರ ಕಲ್ಲಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ದೂರದಿಂದ ನೋಡಿದರೆ ಕೆನೆ ಬಣ್ಣದ ಗೋಡೆ, ಅಷ್ಟೇ. ಹತ್ತಿರ ಹೋಗಿ, ಗೋಡೆಗೆ ಮುಖ ತಾಗುವಷ್ಟು ಬಗ್ಗಿ ನೋಡಿ. ಕಲ್ಲಿನ ಮೈ ತುಂಬಾ ರಾಗಿ ಕಾಳಿನಷ್ಟು ಸಣ್ಣ ಸಣ್ಣ ಗುಂಡುಗಳು ಒತ್ತಾಗಿ ಕೂತಿರುತ್ತವೆ. ಬೆರಳಾಡಿಸಿದರೆ ಮರಳು ಕಾಗದದ ಹಾಗೆ ತರಿತರಿ. ಈ ಜಾತಿಯ ಸುಣ್ಣಕಲ್ಲಿಗೆ ಊಲೈಟ್ ಅನ್ನುತ್ತಾರೆ. ಮೀನಿನ ಮೊಟ್ಟೆಯ ಹಾಗೆ ಕಾಣುವುದರಿಂದ ಗ್ರೀಕ್ ಭಾಷೆಯ ಮೊಟ್ಟೆ, ಕಲ್ಲು ಎಂಬ ಪದಗಳನ್ನು ಸೇರಿಸಿ ಮಾಡಿದ ಹೆಸರು.

ಸುಮಾರು 5 ಕೋಟಿ ವರ್ಷಗಳ ಹಿಂದೆ ಈ ಪ್ರದೇಶದಲ್ಲಿ ದೊಡ್ಡ ಸರೋವರ ಇತ್ತು. ದಡದ ಹತ್ತಿರ ನೀರು ಆಳ ಇರಲಿಲ್ಲ. ಅಲೆಗಳು ಮರಳಿನ ಕಣಗಳನ್ನು ಆಚೆ ಈಚೆ ಉರುಳಿಸುತ್ತಾ ಇದ್ದವು. ಉರುಳಿದಷ್ಟೂ ನೀರಿನಲ್ಲಿದ್ದ ಸುಣ್ಣ ಕಣದ ಸುತ್ತ ಪದರ ಪದರವಾಗಿ ಕೂರುತ್ತಾ ಹೋಯಿತು. ಹಿಟ್ಟಿನಲ್ಲಿ ಹೊರಳಿಸಿದ ಕಾಳಿಗೆ ಹಿಟ್ಟು ಮೆತ್ತಿಕೊಳ್ಳುವ ಹಾಗೆ. ಆ ಗುಂಡುಗಳೆಲ್ಲ ಗಟ್ಟಿಯಾಗಿ ಬಂಡೆಯಾಯಿತು. ಸ್ಯಾನ್‌ಪೀಟ್ ಜನ ಅದನ್ನು ಪಕ್ಕದ ಬೆಟ್ಟಗಳಿಂದಲೇ ಕಡಿದು ತಂದರು. ಹನ್ನೊಂದು ಕಿಲೋಮೀಟರ್ ದೂರದ ಮ್ಯಾಂಟಿ ಊರಿನ ಮಾರ್ಮನ್ ಮಂದಿರವೂ ಇದೇ ಜಾತಿಯ ಕಲ್ಲಿನದು. ಆ ಮಂದಿರ ಉದ್ಘಾಟನೆಯಾದದ್ದು 1888ರ ಮೇ ತಿಂಗಳಲ್ಲಿ, ಅಂದರೆ ಕಾಲೇಜು ಶುರುವಾದ ವರ್ಷವೇ.

ಆ ಕಟ್ಟಡ ಈಗ ಮ್ಯೂಸಿಯಂ ಆಗಿದೆಯಾ?

ಇಲ್ಲ. ಅಲ್ಲಿ ಕಾಲೇಜಿನ ಆಡಳಿತ ಕಚೇರಿಗಳಿವೆ. ಕೆಲಸದ ದಿನ ಹೋದರೆ ಫಾರಂ ಹಿಡಿದು ಓಡಾಡುವ ಹುಡುಗ ಹುಡುಗಿಯರು ಕಾಣುತ್ತಾರೆ. ಹಳೇ ಕಟ್ಟಡ ಉಳಿಯಬೇಕಾದರೆ ಅದಕ್ಕೆ ದಿನವೂ ಕೆಲಸ ಇರಬೇಕು. ಬೀಗ ಹಾಕಿದ ಕಟ್ಟಡದಲ್ಲಿ ಛಾವಣಿ ಸೋರಿದರೆ ಗೊತ್ತಾಗುವಷ್ಟರಲ್ಲಿ ತೊಲೆ ಕೊಳೆತಿರುತ್ತದೆ. ಜನ ಕೂತು ಕೆಲಸ ಮಾಡುವ ಕಟ್ಟಡದಲ್ಲಿ ಮೊದಲ ಹನಿ ಬಿದ್ದಾಗಲೇ ಯಾರಾದರೂ ಕೂಗುತ್ತಾರೆ.

ರಾಷ್ಟ್ರೀಯ ಪಟ್ಟಿಗೆ ಸೇರಿದ ಕಟ್ಟಡವನ್ನು ಯಾರೂ ಮುಟ್ಟುವ ಹಾಗಿಲ್ಲ ಅಲ್ವಾ?

ಇದು ತುಂಬಾ ಜನರಿಗೆ ಇರುವ ತಪ್ಪು ಕಲ್ಪನೆ. ಅಮೆರಿಕದಲ್ಲಿ 1966ರ ಕಾಯಿದೆಯಿಂದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿ ಶುರುವಾಯಿತು. ನಾಯ್ಸ್ ಬಿಲ್ಡಿಂಗ್ 1970ರ ದಶಕದಲ್ಲಿ ಅದಕ್ಕೆ ಸೇರಿತು. ಪಟ್ಟಿಗೆ ಸೇರಿದರೆ ಗೌರವ ಸಿಗುತ್ತದೆ, ಕೆಲವು ಅನುದಾನಗಳ ದಾರಿ ತೆರೆಯುತ್ತದೆ. ಕೇಂದ್ರ ಸರ್ಕಾರದ ದುಡ್ಡು ಅಥವಾ ಅನುಮತಿ ಬೇಕಾದ ಯೋಜನೆಯಾದರೆ, ಕಟ್ಟಡಕ್ಕೆ ಏನು ಆಗುತ್ತದೆ ಅಂತ ಮೊದಲೇ ಪರಿಶೀಲಿಸಬೇಕಾಗುತ್ತದೆ. ಅಷ್ಟೇ. ಮಾಲೀಕರು ಕೆಡವಿಯೇ ತೀರುತ್ತೇವೆ ಅಂದರೆ ಪಟ್ಟಿ ಒಂದೇ ಅದನ್ನು ತಡೆಯುವುದಿಲ್ಲ. ಕಟ್ಟಡ ಉಳಿಯುವುದು ಅದು ಬೇಕು ಅನ್ನುವ ಜನ ಇದ್ದಾಗ.

ಸುಣ್ಣಕಲ್ಲಿನ ಕಟ್ಟಡ ನೋಡಿಕೊಳ್ಳುವವರಿಗೆ ಇನ್ನೊಂದು ಮಾತು. ಸಂದುಗಳಿಗೆ ಸಿಮೆಂಟ್ ತುಂಬಬೇಡಿ. ಸಿಮೆಂಟ್ ಕಲ್ಲಿಗಿಂತ ಗಟ್ಟಿ, ತೇವವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಆಗ ನೀರು ಕಲ್ಲಿನೊಳಗೇ ಉಳಿದು, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ, ಕಲ್ಲಿನ ಮುಖವೇ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸುಣ್ಣದ ಗಾರೆ ಮೆದು. ಸವೆದರೆ ಗಾರೆ ಸವೆಯುತ್ತದೆ, ಕಲ್ಲು ಉಳಿಯುತ್ತದೆ. ಗಾರೆಯನ್ನು ಮತ್ತೆ ತುಂಬಬಹುದು.

ಈಗಲೂ ಚರ್ಚಿನ ಕಾಲೇಜಾ?

ಅಲ್ಲ. 1930ರ ದಶಕದ ಆರಂಭದಲ್ಲಿ ರಾಜ್ಯ ಸರ್ಕಾರದ ಕೈಗೆ ಬಂತು. ಯಾವ ಧರ್ಮದವರೂ ಸೇರಬಹುದು. ಊರಿನ ಜನಜೀವನದಲ್ಲಿ ಮಾರ್ಮನ್ ಪ್ರಭಾವ ಮಾತ್ರ ಎದ್ದು ಕಾಣುತ್ತದೆ.

ಕಾಲೇಜು ಮುಚ್ಚಿಹೋಗುವ ಪರಿಸ್ಥಿತಿ ಬಂದಿತ್ತಂತೆ, ನಿಜಾನಾ?

ಸರ್ಕಾರಿ ಕಾಲೇಜಾಗಿ ಉಳಿಯುತ್ತದೋ ಇಲ್ಲವೋ ಅನ್ನುವ ಹಂತಕ್ಕೆ ಬಂದಿತ್ತು. ಈ ಕಾಲೇಜಿನ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

1950ರ ದಶಕದ ಆರಂಭದಲ್ಲಿ ಜೆ. ಬ್ರಾಕನ್ ಲೀ ಯೂಟಾದ ಗವರ್ನರ್, ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ. ಸರ್ಕಾರದ ಖರ್ಚು ಕಡಿಮೆ ಮಾಡಬೇಕು ಅನ್ನುವುದೇ ಅವರ ಹಟ. ಸ್ನೋ, ವೀಬರ್, ಡಿಕ್ಸಿ ಎಂಬ ಮೂರು ಕಾಲೇಜುಗಳನ್ನು ಚರ್ಚಿಗೇ ವಾಪಸ್ ಕೊಟ್ಟುಬಿಡೋಣ ಅಂತ 1953ರಲ್ಲಿ ಶಾಸನಸಭೆಯಲ್ಲಿ ಕಾನೂನು ಪಾಸಾಯಿತು. ಇಪ್ಪತ್ತು ವರ್ಷಗಳ ಹಿಂದೆ ಚರ್ಚೇ ಬಿಟ್ಟುಕೊಟ್ಟ ಕಾಲೇಜುಗಳು ಅವು.

ಜನ ಸುಮ್ನೆ ಕೂರಲಿಲ್ಲ. ಯೂಟಾದಲ್ಲಿ ಸಾಕಷ್ಟು ಸಹಿ ಸಂಗ್ರಹಿಸಿದರೆ ಶಾಸನಸಭೆ ಮಾಡಿದ ಕಾನೂನನ್ನು ಜನರ ಮತಕ್ಕೆ ಹಾಕಿಸಬಹುದು. ಸಹಿಗಳು ಸಂಗ್ರಹವಾದವು. 1954ರ ನವೆಂಬರ್ ಚುನಾವಣೆಯಲ್ಲಿ ರಾಜ್ಯದ ಮತದಾರರೇ ಆ ಕಾನೂನನ್ನು ತಿರಸ್ಕರಿಸಿದರು. ವೀಬರ್ ಮತ್ತು ಡಿಕ್ಸಿ (ಈಗಿನ ಹೆಸರು ಯೂಟಾ ಟೆಕ್) ಇವತ್ತು ದೊಡ್ಡ ಯೂನಿವರ್ಸಿಟಿಗಳಾಗಿ ಬೆಳೆದಿವೆ. ಸ್ನೋ ಮಾತ್ರ ಮುಖ್ಯವಾಗಿ ಎರಡು ವರ್ಷದ ಕಾಲೇಜಾಗಿಯೇ ಉಳಿದಿದೆ.

ಮೊದಲು ಅಂಗಡಿ ಮಹಡಿ ಬಿಟ್ಟುಕೊಟ್ಟರು, ಆಮೇಲೆ ಕಲ್ಲು ಕಡಿದರು, ಆಮೇಲೆ ವೋಟು ಹಾಕಿದರು. ಈ ಕಾಲೇಜನ್ನು ಜನ ತಮ್ಮದು ಅನ್ನುವುದು ಸುಮ್ಮನೆ ಬಾಯಿಮಾತಿಗಲ್ಲ.

ಬೆಟ್ಟದ ಮೇಲೂ ಕಾಲೇಜಿನ ಕ್ಯಾಂಪಸ್ ಇದೆ ಅಂತಾರಲ್ಲ?

ಇದೆ. ಊರಿನ ಪೂರ್ವಕ್ಕೆ ಈಫ್ರಮ್ ಕಣಿವೆ ಹತ್ತಿದರೆ ಸುಮಾರು 2,700 ಮೀಟರ್ ಎತ್ತರದಲ್ಲಿ ಗ್ರೇಟ್ ಬೇಸಿನ್ ಕೇಂದ್ರ ಸಿಗುತ್ತದೆ. ಅದನ್ನು 1912ರಲ್ಲಿ ಶುರು ಮಾಡಿದ್ದು ಅಮೆರಿಕದ ಅರಣ್ಯ ಇಲಾಖೆ. ಅದರ ಹಿಂದೆ ಒಂದು ನೋವಿನ ಕಥೆ ಇದೆ.

19ನೇ ಶತಮಾನದ ಕೊನೆಯ ಹೊತ್ತಿಗೆ ಬೆಟ್ಟದ ಮೇಲೆ ಲೆಕ್ಕವಿಲ್ಲದಷ್ಟು ಕುರಿ ಮೇಯುತ್ತಿದ್ದವು. ಹುಲ್ಲು ಬುಡಸಮೇತ ಹೋಯಿತು, ಮಣ್ಣು ಬತ್ತಲಾಯಿತು. ಬೇಸಿಗೆಯಲ್ಲಿ ಜೋರು ಮಳೆ ಬಂದರೆ ಕೆಸರು, ಬಂಡೆ, ನೀರು ಎಲ್ಲ ಒಟ್ಟಾಗಿ ಕೆಳಗಿನ ಊರುಗಳಿಗೆ ನುಗ್ಗುತ್ತಿತ್ತು. ಹುಲ್ಲಿಗೂ ಪ್ರವಾಹಕ್ಕೂ ಏನು ಸಂಬಂಧ ಅಂತ ಕಂಡುಹಿಡಿಯಲು ಈ ಕೇಂದ್ರ ಮಾಡಿದರು. ಆರ್ಥರ್ ಸ್ಯಾಂಪ್ಸನ್ ಮೊದಲ ನಿರ್ದೇಶಕರು.

ಅವರ ಪ್ರಯೋಗ ಸರಳ. ಅಕ್ಕಪಕ್ಕದ ಎರಡು ಇಳಿಜಾರು ತುಂಡುಗಳನ್ನು ಆರಿಸಿಕೊಂಡರು. ಒಂದರಲ್ಲಿ ಹುಲ್ಲು ಕಡಿಮೆ, ಇನ್ನೊಂದರಲ್ಲಿ ಜಾಸ್ತಿ. ಎರಡರ ಕೆಳಗೂ ತೊಟ್ಟಿ ಕಟ್ಟಿ, ಮಳೆ ಬಂದಾಗ ಎಷ್ಟು ನೀರು, ಎಷ್ಟು ಮಣ್ಣು ಹರಿದು ಬರುತ್ತದೆ ಅಂತ ಅಳೆದರು. ಹುಲ್ಲು ಕಡಿಮೆ ಇದ್ದ ಕಡೆಯಿಂದ ಮಣ್ಣು ಹೆಚ್ಚು ಕೊಚ್ಚಿಕೊಂಡು ಬರುತ್ತಿತ್ತು. ಆ ಅಳತೆ ದಶಕಗಳ ಕಾಲ ನಡೆಯಿತು. ಹುಲ್ಲುಗಾವಲು ನೋಡಿಕೊಳ್ಳುವ ವಿಜ್ಞಾನಕ್ಕೆ ಬುನಾದಿ ಹಾಕಿದ ಜಾಗಗಳಲ್ಲಿ ಇದೂ ಒಂದು. ಈಗ ಆ ಹಳೇ ಮರದ ಮನೆಗಳನ್ನು ಸ್ನೋ ಕಾಲೇಜು ಪರಿಸರ ಶಿಕ್ಷಣ ಕೇಂದ್ರವಾಗಿ ನಡೆಸುತ್ತಿದೆ. ಚಳಿಗಾಲದಲ್ಲಿ ರಸ್ತೆ ಹಿಮದಲ್ಲಿ ಮುಚ್ಚಿರುತ್ತದೆ, ಬೇಸಿಗೆಯಲ್ಲಿ ಹೋಗಿ.

ಬೇರೆ ಕ್ಯಾಂಪಸ್?

ರಿಚ್‌ಫೀಲ್ಡ್ ಊರಿನಲ್ಲಿ ಇನ್ನೊಂದಿದೆ, ಕಾರಿನಲ್ಲಿ ಒಂದು ಗಂಟೆಯ ದಾರಿ. ಕೈಕೆಲಸದ, ತಾಂತ್ರಿಕ ಕೋರ್ಸ್‌ಗಳಿಗೆ ಅದೇ ಮುಖ್ಯ.

ಸೀಟು ಸಿಗುವುದು ಕಷ್ಟಾನಾ?

ಇಲ್ಲ. ಇದು ಓಪನ್ ಅಡ್ಮಿಷನ್ ಕಾಲೇಜು. ಹೈಸ್ಕೂಲು ಮುಗಿಸಿದವರಿಗೆ ಬಾಗಿಲು ತೆರೆದೇ ಇರುತ್ತದೆ. ನರ್ಸಿಂಗ್ ಥರದ ಕೆಲವು ಕೋರ್ಸ್‌ಗಳಿಗೆ ಮಾತ್ರ ಬೇರೆ ಆಯ್ಕೆ ಇರುತ್ತದೆ. ಹೊರದೇಶದವರು ಇಂಗ್ಲಿಷ್ ಬರುತ್ತದೆ ಅಂತ ತೋರಿಸಬೇಕು, ಅಥವಾ ಮೊದಲು ಇಂಗ್ಲಿಷ್ ಕ್ಲಾಸ್ ಸೇರಬೇಕು.

ಸುಲಭವಾಗಿ ಸೀಟು ಸಿಗುತ್ತದೆ ಅಂದ ಮಾತ್ರಕ್ಕೆ ಓದು ಸುಲಭ ಅಂದುಕೊಳ್ಳಬೇಡಿ. ಪ್ರತಿ ವಾರ ಹೋಮ್‌ವರ್ಕ್ ಇರುತ್ತದೆ. ಕೊನೆಯ ಪರೀಕ್ಷೆಗೆ ಹದಿನೈದು ದಿನ ಓದಿ ಪಾಸಾಗುವ ಪದ್ಧತಿ ಅಲ್ಲಿ ನಡೆಯುವುದಿಲ್ಲ.

ಎರಡು ವರ್ಷ ಓದಿ ಯೂನಿವರ್ಸಿಟಿಗೆ ಹೋದಾಗ ಕ್ರೆಡಿಟ್ ಎಲ್ಲ ಲೆಕ್ಕಕ್ಕೆ ಬರುತ್ತವಾ?

ಬರಬಹುದು. ಆದರೆ ತಾನಾಗಿ ಬರುವುದಿಲ್ಲ. ಜನ ಎಡವುವುದು ಇಲ್ಲೇ.

ಒಂದೊಂದು ಕೋರ್ಸ್ ಮುಗಿಸಿದಾಗಲೂ ಲೆಕ್ಕಕ್ಕೆ ಸೇರುವುದು ಕ್ರೆಡಿಟ್. ಅಸೋಸಿಯೇಟ್ ಡಿಗ್ರಿಗೆ ಸುಮಾರು 60 ಕ್ರೆಡಿಟ್ ಬೇಕು. ಬ್ಯಾಚುಲರ್‌ಗೆ ಸುಮಾರು 120. ಯೂಟಾದ ಒಳಗೆ ಒಂದು ದೊಡ್ಡ ಅನುಕೂಲ ಇದೆ. ಸ್ನೋದಲ್ಲಿ ಸಾಮಾನ್ಯ ವಿಷಯಗಳನ್ನು ಪೂರ್ತಿ ಮುಗಿಸಿದರೆ ರಾಜ್ಯದ ಬೇರೆ ಸರ್ಕಾರಿ ಯೂನಿವರ್ಸಿಟಿಗಳು ಅದನ್ನು ಮುಗಿದ ಹಾಗೇ ಪರಿಗಣಿಸುತ್ತವೆ. ಆದರೆ ಎಂಜಿನಿಯರಿಂಗ್ ಓದಬೇಕಾದವರು ಸಾಮಾನ್ಯ ವಿಷಯ ಮುಗಿಸಿ, ಕ್ಯಾಲ್ಕುಲಸ್ ಮತ್ತು ಭೌತಶಾಸ್ತ್ರ ಬಿಟ್ಟಿದ್ದರೆ? ಯೂನಿವರ್ಸಿಟಿಯಲ್ಲಿ ಎರಡರ ಬದಲು ಮೂರು ವರ್ಷ ಆಗುತ್ತದೆ.

ಡಿಗ್ರಿಯ ಹೆಸರನ್ನೂ ಗಮನಿಸಿ. ಅಸೋಸಿಯೇಟ್ ಆಫ್ ಆರ್ಟ್ಸ್, ಅಸೋಸಿಯೇಟ್ ಆಫ್ ಸೈನ್ಸ್ ಎರಡೂ ಮುಂದೆ ಓದುವವರಿಗೆ. ಮಧ್ಯದಲ್ಲಿ ಅಪ್ಲೈಡ್ ಅಂತ ಇದ್ದರೆ ಅದು ನೇರ ಕೆಲಸಕ್ಕೆ ಹೋಗುವವರಿಗೆ. ಅದರ ಕ್ರೆಡಿಟ್‌ಗಳನ್ನು ಎಷ್ಟೋ ಯೂನಿವರ್ಸಿಟಿಗಳು ಪೂರ್ತಿ ಒಪ್ಪುವುದಿಲ್ಲ. ಮೊದಲ ಸೆಮಿಸ್ಟರಿನಲ್ಲೇ ಅಡ್ವೈಸರ್ ಹತ್ತಿರ ಕೂತು, ಮುಂದೆ ಹೋಗಬೇಕಾದ ಯೂನಿವರ್ಸಿಟಿಯ ಪಟ್ಟಿ ಎದುರಿಗಿಟ್ಟುಕೊಂಡು ಕೋರ್ಸ್ ಆರಿಸಿ. ಚಿಕ್ಕ ಕಾಲೇಜಿನ ಲಾಭ ಇದೇ. ಅಡ್ವೈಸರ್‌ಗೆ ನಿಮ್ಮ ಹೆಸರು ಗೊತ್ತಿರುತ್ತದೆ.

ಸ್ನೋದಲ್ಲೇ ನಾಲ್ಕು ವರ್ಷ ಓದುವ ಕೆಲವೇ ಕೆಲವು ಬ್ಯಾಚುಲರ್ ಕೋರ್ಸ್‌ಗಳಿವೆ. ಕಮರ್ಷಿಯಲ್ ಮ್ಯೂಸಿಕ್, ಸಾಫ್ಟ್‌ವೇರ್ ಎಂಜಿನಿಯರಿಂಗ್ ಅಂಥವು.

ಭಾರತದಿಂದ ಹೋಗುವವರಿಗೆ ವೀಸಾ, ಕೆಲಸದ ನಿಯಮ ಏನು?

ಯೂನಿವರ್ಸಿಟಿಗೆ ಹೋಗುವವರ ಹಾಗೇ ಎಫ್-1 ವೀಸಾ, ಅಂದರೆ ವಿದ್ಯಾರ್ಥಿ ವೀಸಾ. ಸೀಟು ಸಿಕ್ಕಿದೆ ಅಂತ ಕಾಲೇಜು ಕೊಡುವ ಐ-20 ಫಾರಂ ಬೇಕು. ಮೊದಲ ವರ್ಷದ ಖರ್ಚಿಗೆ ದುಡ್ಡು ಇದೆ ಅಂತ ತೋರಿಸಬೇಕು. ಹೊರದೇಶದ ವಿದ್ಯಾರ್ಥಿಗಳ ದಾಖಲೆ ಇಡುವ ಸೆವಿಸ್ ಎಂಬ ಸರ್ಕಾರಿ ವ್ಯವಸ್ಥೆಗೆ ಶುಲ್ಕ 350 ಡಾಲರ್, ವೀಸಾ ಶುಲ್ಕ ಬೇರೆ. ಪ್ರತಿ ಸೆಮಿಸ್ಟರ್ ಕನಿಷ್ಠ 12 ಕ್ರೆಡಿಟ್ ಓದಲೇಬೇಕು. ಕ್ಲಾಸ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಮೊದಲ ವರ್ಷ ಕ್ಯಾಂಪಸ್ ಹೊರಗೆ ಕೆಲಸಕ್ಕೆ ಅವಕಾಶ ಇಲ್ಲ.

ಅಸೋಸಿಯೇಟ್ ಡಿಗ್ರಿ ಮುಗಿಸಿದವರು 12 ತಿಂಗಳ ಒಪಿಟಿಗೆ, ಅಂದರೆ ಓದಿದ ವಿಷಯಕ್ಕೆ ಸಂಬಂಧಪಟ್ಟ ಕೆಲಸ ಮಾಡುವ ಅನುಮತಿಗೆ, ಅರ್ಜಿ ಹಾಕಬಹುದು. ಆದರೆ ವಿಜ್ಞಾನ, ತಂತ್ರಜ್ಞಾನದವರಿಗೆ ಸಿಗುವ ಹೆಚ್ಚುವರಿ 24 ತಿಂಗಳು ಬ್ಯಾಚುಲರ್ ಅಥವಾ ಅದಕ್ಕಿಂತ ಮೇಲಿನ ಡಿಗ್ರಿ ಇದ್ದವರಿಗೆ ಮಾತ್ರ.

ಇಂಟರ್‌ವ್ಯೂನಲ್ಲಿ ಆ ಚಿಕ್ಕ ಊರೇ ಯಾಕೆ ಅಂತ ಕೇಳುವ ಸಾಧ್ಯತೆ ಇದೆ. ಏಜೆಂಟ್ ಹೇಳಿಕೊಟ್ಟ ಉತ್ತರ ಬೇಡ. ಯಾವ ಕೋರ್ಸ್, ಎರಡು ವರ್ಷದ ನಂತರ ಎಲ್ಲಿಗೆ, ದುಡ್ಡು ಎಲ್ಲಿಂದ ಅಂತ ನಿಮ್ಮದೇ ಮಾತಿನಲ್ಲಿ ಹೇಳಲು ಬರಬೇಕು.

ಅಸೋಸಿಯೇಟ್ ಡಿಗ್ರಿ ತಗೊಂಡು ಭಾರತಕ್ಕೆ ವಾಪಸ್ ಬಂದರೆ?

ಇಲ್ಲಿ ಅದನ್ನು ಬಿಎ, ಬಿಎಸ್ಸಿಗೆ ಸಮ ಅಂತ ಒಪ್ಪುವುದಿಲ್ಲ. ಡಿಗ್ರಿ ಕೇಳುವ ಸರ್ಕಾರಿ ಕೆಲಸಕ್ಕೂ, ಸ್ನಾತಕೋತ್ತರ ಓದಿಗೂ ಅದು ಸಾಲುವುದಿಲ್ಲ. ಹಾಗಾಗಿ ನಾಲ್ಕು ವರ್ಷದ ಖರ್ಚನ್ನೂ ಲೆಕ್ಕ ಹಾಕಿಯೇ ಹೊರಡಿ. ಮೊದಲೆರಡು ವರ್ಷ ಕಡಿಮೆ ಖರ್ಚು ಅಂತ ಹೋಗಿ, ಮೂರನೇ ವರ್ಷದ ಫೀಸು ನೋಡಿ ಗಾಬರಿಯಾದ ಮನೆಗಳು ಇವೆ.

ಕಾರಿಲ್ಲದೆ ಬದುಕಲು ಆಗುತ್ತಾ?

ಊರಿನ ಒಳಗೆ ಆಗುತ್ತದೆ. ಕ್ಯಾಂಪಸ್, ಅಂಗಡಿ, ಲೈಬ್ರರಿ ಎಲ್ಲ ನಡೆದುಹೋಗುವ ದೂರ. ಊರು ಬಿಟ್ಟು ಹೋಗಬೇಕಾದರೆ ಗೆಳೆಯರ ಕಾರೇ ಗತಿ. ಚಳಿಗಾಲದ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತದೆ, ಒಳ್ಳೆ ಬೂಟು ಬೇಕೇಬೇಕು. ಮೊದಲ ಎರಡು ಮೂರು ತಿಂಗಳು ಮನೆ ನೆನಪು ಜಾಸ್ತಿ ಕಾಡಬಹುದು. ಸಂಜೆ ರೂಮಿನಲ್ಲಿ ಒಬ್ಬರೇ ಕೂರಬೇಡಿ. ಅಮೆರಿಕನ್ ಫುಟ್‌ಬಾಲ್ ಮ್ಯಾಚ್ ಇದ್ದರೆ ನಿಯಮ ಗೊತ್ತಿಲ್ಲದಿದ್ದರೂ ಹೋಗಿ. ಎರಡು ವರ್ಷದ ಕಾಲೇಜುಗಳ ಫುಟ್‌ಬಾಲ್‌ನಲ್ಲಿ 1985ರ ರಾಷ್ಟ್ರೀಯ ಚಾಂಪಿಯನ್ ಈ ಕಾಲೇಜೇ. ಊರಿನವರು ಅದನ್ನು ಇನ್ನೂ ಮರೆತಿಲ್ಲ.

ಓದಲು ಅಲ್ಲ, ನೋಡಲು ಹೋಗುವವರು ಎಲ್ಲಿಂದ ಶುರು ಮಾಡಬೇಕು?

ಮುಖ್ಯ ಬೀದಿಯ ಸಹಕಾರಿ ಅಂಗಡಿಯಿಂದ. ಹೊರಗೆ ನಿಂತು ಮಹಡಿಯ ಕಿಟಕಿಗಳನ್ನು ಒಮ್ಮೆ ನೋಡಿ, ಮೊದಲ ತರಗತಿ ಅಲ್ಲೇ ನಡೆದದ್ದು. ಅಲ್ಲಿಂದ ಪೂರ್ವಕ್ಕೆ ಬೆಟ್ಟದ ಕಡೆ ಮುಖ ಮಾಡಿ ನಡೆದರೆ ಸ್ವಲ್ಪ ಹೊತ್ತಿಗೆ ಕ್ಯಾಂಪಸ್ ಸಿಗುತ್ತದೆ. ಕ್ಯಾಂಪಸ್ಸಿನ ಹುಲ್ಲಿನ ಮೇಲೆ ಕೂರಲು ಯಾರೂ ಬೇಡ ಅನ್ನುವುದಿಲ್ಲ. ಸಾಧ್ಯವಾದರೆ ಮಧ್ಯಾಹ್ನ ನಾಲ್ಕರ ನಂತರ ಹೋಗಿ. ಬಿಸಿಲು ಪಶ್ಚಿಮದಿಂದ ಓರೆಯಾಗಿ ಬೀಳುವಾಗ ನಾಯ್ಸ್ ಬಿಲ್ಡಿಂಗಿನ ಕಲ್ಲು ಬೆಣ್ಣೆ ಬಣ್ಣಕ್ಕೆ ತಿರುಗುತ್ತದೆ. ಆ ರಾಗಿ ಕಾಳಿನಂಥ ಗುಂಡುಗಳಿಗೆ ಒಂದೊಂದಕ್ಕೂ ಸಣ್ಣ ನೆರಳು ಬಿದ್ದು, ಬರಿಗಣ್ಣಿಗೇ ಎಣಿಸಬಹುದು ಅನ್ನುವಷ್ಟು ಸ್ಪಷ್ಟವಾಗಿ ಕಾಣುತ್ತವೆ.